ವಿದೇಶ ಪ್ರವಾಸದಲ್ಲಿ ನಿಮ್ಮದೇ ಮೊಬೈಲ್ ಪ್ಲಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ನೆಲ ಮುಟ್ಟಿ, ಸೀಟ್ ಬೆಲ್ಟಿನ ದೀಪ ಆರುವ ಮೊದಲೇ ಫೋನಿನ ಫ್ಲೈಟ್ ಮೋಡ್ ತೆಗೆಯುವುದು ಬಹುತೇಕರ ರೂಢಿ. ಮುಂದಿನ ಎರಡು ನಿಮಿಷಗಳಲ್ಲಿ ಫೋನು ಹೊಸ ದೇಶದ ಟವರೊಂದನ್ನು ಹಿಡಿದು, ಬಾಕಿ ಇದ್ದ ಮೆಸೇಜುಗಳನ್ನೆಲ್ಲ ಇಳಿಸಿಕೊಂಡು, ಇಮೇಲ್ ತೆರೆದು, ಹಿಂದಿನ ದಿನದ ಫೋಟೋಗಳನ್ನು ಕ್ಲೌಡಿಗೆ ಏರಿಸಲು ಆರಂಭಿಸಿರುತ್ತದೆ. ನೀವು ಪರದೆ ಮುಟ್ಟಿರುವುದು ಮಾತ್ರ ಒಂದೇ ಸಲ. ಊರಿಗೆ ಮರಳಿದ ಮೇಲೆ ಬಿಲ್ಲು ನೋಡಿ ‘ನಾನು ಏನೂ ಬಳಸಲೇ ಇಲ್ಲವಲ್ಲ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಬಳಸಿದ್ದು ಅವರಲ್ಲ, ಅವರ ಫೋನು. ಈ ಪುಟದ ಉತ್ತರಗಳನ್ನು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ರೋಮಿಂಗ್ ಎಂದರೆ ಏನು? ನನ್ನ ಕಂಪನಿಯ ಟವರ್ ಇಲ್ಲದ ದೇಶದಲ್ಲಿ ಫೋನ್ ಹೇಗೆ ನಡೆಯುತ್ತದೆ?

ನಿಮ್ಮ ಸಿಮ್‌ನೊಳಗೆ ಫೋನ್ ನಂಬರಿಗಿಂತ ಬೇರೆಯಾದ, ಸಾಮಾನ್ಯವಾಗಿ 15 ಅಂಕಿಗಳ ಗುರುತಿನ ಸಂಖ್ಯೆಯೊಂದಿರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನೂ ಮುಂದಿನ ಎರಡು ಅಥವಾ ಮೂರು ಅಂಕಿಗಳು ಸೇವೆ ಕೊಡುವ ಕಂಪನಿಯನ್ನೂ ಸೂಚಿಸುತ್ತವೆ. ಪರದೇಶದ ಟವರಿಗೆ ಈ ಸಂಖ್ಯೆ ತಲುಪಿದೊಡನೆ ಆ ಜಾಲವು ನಿಮ್ಮ ಕಂಪನಿಯ ದತ್ತಾಂಶ ಕೇಂದ್ರವನ್ನು ಸಂಪರ್ಕಿಸಿ, ಈ ಗ್ರಾಹಕ ನಿಮ್ಮವನೇ, ಅವನಿಗೆ ಯಾವ ಯಾವ ಸೇವೆ ಕೊಡಬಹುದು ಎಂದು ವಿಚಾರಿಸುತ್ತದೆ. ಒಪ್ಪಿಗೆ ಬಂದರೆ ಪರದೆಯ ಮೇಲೆ ಹೊಸ ಕಂಪನಿಯ ಹೆಸರು ಮೂಡುತ್ತದೆ. ಎರಡೂ ಕಂಪನಿಗಳ ನಡುವೆ ಮೊದಲೇ ಒಪ್ಪಂದವಿರಬೇಕು. ಇಲ್ಲದಿದ್ದರೆ ಟವರ್ ಕಣ್ಣೆದುರಿಗೇ ಇದ್ದರೂ ನಿಮ್ಮ ಪಾಲಿಗೆ ಅದು ಬರೀ ಕಬ್ಬಿಣದ ಕಂಬ.

ನೀವು ಅಲ್ಲಿ ಬಳಸಿದ ಪ್ರತಿ ನಿಮಿಷ ಮತ್ತು ಪ್ರತಿ ಎಂಬಿಯ ಲೆಕ್ಕವನ್ನು ಆ ದೇಶದ ಕಂಪನಿಯು ನಿಮ್ಮ ಕಂಪನಿಗೆ ಕಳುಹಿಸಿ ಸಗಟು ದರದಲ್ಲಿ ಹಣ ಪಡೆಯುತ್ತದೆ. ನಿಮ್ಮ ಕಂಪನಿ ಅದರ ಮೇಲೆ ತನ್ನ ದರ ಹಾಕಿ ನಿಮ್ಮಿಂದ ವಸೂಲು ಮಾಡುತ್ತದೆ. ಒಂದೇ ಪ್ಲಾನಿನ ದರ ದೇಶದಿಂದ ದೇಶಕ್ಕೆ ಬದಲಾಗುವುದು, ಕೆಲವೊಮ್ಮೆ ಒಂದೇ ದೇಶದ ಎರಡು ಜಾಲಗಳ ನಡುವೆಯೂ ಬದಲಾಗುವುದು ಈ ಕಾರಣಕ್ಕೆ.

ಹೊರಡುವ ಮುನ್ನವೇ ರೋಮಿಂಗ್ ಚಾಲೂ ಮಾಡಿಸಬೇಕೇ? ಅಲ್ಲಿಗೆ ಹೋದ ಮೇಲೆ ಮಾಡಿದರಾಗದೇ?

ಮುನ್ನವೇ ಮಾಡಿಸಿ. ಕಂಪನಿಯ ಆ್ಯಪಿಗೆ ಲಾಗಿನ್ ಆಗಲು ಒಟಿಪಿ ಬೇಕು, ಒಟಿಪಿ ಬರಲು ಜಾಲ ಬೇಕು, ಜಾಲ ಸಿಗಲು ರೋಮಿಂಗ್ ಚಾಲೂ ಆಗಿರಬೇಕು. ಪರದೇಶದ ವಿಮಾನ ನಿಲ್ದಾಣದಲ್ಲಿ ನಿಂತು ಈ ಸುತ್ತಿನಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಜೊತೆಗೆ, ಎಷ್ಟೋ ಪ್ಲಾನುಗಳಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಮೊದಲಿನಿಂದಲೇ ಬಂದ್ ಆಗಿರುತ್ತದೆ. ಹೊರಡುವುದಕ್ಕೆ ಎರಡು ಮೂರು ದಿನ ಮೊದಲೇ ಕೇಳಿಕೊಂಡರೆ, ಏನಾದರೂ ತೊಡಕಿದ್ದರೆ ಸರಿಪಡಿಸಿಕೊಳ್ಳಲು ಸಮಯ ಉಳಿಯುತ್ತದೆ.

ಕೇಳುವಾಗ ‘ರೋಮಿಂಗ್ ಇದೆಯೇ’ ಎಂದಷ್ಟೇ ಕೇಳಿ ಬಿಡಬೇಡಿ. ನಾನು ಹೋಗುವ ದೇಶವೂ, ನಡುವೆ ವಿಮಾನ ಬದಲಿಸುವ ದೇಶವೂ ಈ ಪ್ಯಾಕಿನ ಪಟ್ಟಿಯಲ್ಲಿವೆಯೇ, ಅಲ್ಲಿ ಯಾವ ಜಾಲಗಳೊಂದಿಗೆ ಒಪ್ಪಂದವಿದೆ, ಒಳಬರುವ ಕರೆಗೆ ಹಣವೇ, ಡೇಟಾ ಮುಗಿದ ಮೇಲೆ ವೇಗ ಇಳಿಯುತ್ತದೆಯೇ ಅಥವಾ ಹಣ ಏರುತ್ತದೆಯೇ ಎಂಬುದನ್ನು ಒಂದೊಂದಾಗಿ ಕೇಳಿ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ವೇಗ ಇಳಿದರೆ ಬೇಸರವಾಗುತ್ತದೆ ಅಷ್ಟೆ. ಹಣ ಏರತೊಡಗಿದರೆ ನಿಮಗೆ ಗೊತ್ತಾಗುವುದೇ ಇಲ್ಲ.

ನನ್ನದು ಪ್ರಿಪೇಯ್ಡ್ ಸಿಮ್. ಅದು ವಿದೇಶದಲ್ಲಿ ನಡೆಯುತ್ತದೆಯೇ?

ಬಹಳಷ್ಟು ಕಂಪನಿಗಳ ಪ್ರಿಪೇಯ್ಡ್ ಸಿಮ್ ನಡೆಯುತ್ತದೆ, ಆದರೆ ರೋಮಿಂಗ್ ಒಪ್ಪಂದವಿರುವ ದೇಶಗಳ ಪಟ್ಟಿ ಪೋಸ್ಟ್‌ಪೇಯ್ಡ್‌ಗಿಂತ ಚಿಕ್ಕದಿರಬಹುದು. ಪ್ರಿಪೇಯ್ಡ್‌ನ ಒಂದು ಅನುಕೂಲವೆಂದರೆ, ಖಾತೆಯಲ್ಲಿರುವ ಹಣ ಮುಗಿದಲ್ಲಿಗೆ ನಷ್ಟವೂ ನಿಲ್ಲುತ್ತದೆ. ಅನಾನುಕೂಲವೂ ಅದೇ: ಬೇಕಾದ ಹೊತ್ತಿನಲ್ಲೇ ಸೇವೆ ನಿಂತುಹೋಗಬಹುದು. ಪ್ರವಾಸದ ನಡುವೆ ಮೂಲ ಪ್ಲಾನಿನ ವ್ಯಾಲಿಡಿಟಿ ಮುಗಿದರೆ ಮೇಲೆ ಹಾಕಿಸಿದ ರೋಮಿಂಗ್ ಪ್ಯಾಕ್ ಕೂಡ ಕೆಲಸಕ್ಕೆ ಬಾರದೆ ಹೋಗುವುದುಂಟು. ಆದ್ದರಿಂದ ಮರಳುವ ದಿನಾಂಕದಾಚೆಗೂ ವ್ಯಾಲಿಡಿಟಿ ಇರುವಂತೆ ರೀಚಾರ್ಜ್ ಮಾಡಿಸಿಯೇ ಹೊರಡಿ.

ದಿನದ ಪ್ಯಾಕ್‌ನಲ್ಲಿ ‘ಒಂದು ದಿನ’ ಎಂದರೆ ಎಷ್ಟು ಹೊತ್ತು?

ಕೇಳಲು ಸರಳವಾದರೂ ಹೆಚ್ಚು ಜನ ಎಡವುವ ಪ್ರಶ್ನೆ ಇದು. ಕೆಲವು ಕಂಪನಿಗಳು ಮೊದಲ ಬಳಕೆಯಿಂದ 24 ಗಂಟೆ ಎಣಿಸುತ್ತವೆ. ಕೆಲವು ಕ್ಯಾಲೆಂಡರ್ ದಿನವನ್ನು ಹಿಡಿಯುತ್ತವೆ. ಆ ದಿನ ಪ್ರವಾಸದ ದೇಶದ ಗಡಿಯಾರದಂತೆ ಬದಲಾಗಬಹುದು, ನಿಮ್ಮ ಮನೆಯ ಗಡಿಯಾರದಂತೆಯೂ ಬದಲಾಗಬಹುದು. ನೀವಿರುವ ದೇಶವು ಮನೆಗಿಂತ ಒಂಬತ್ತೂವರೆ ಗಂಟೆ ಹಿಂದಿದೆ ಎಂದುಕೊಳ್ಳಿ. ಮನೆಯಲ್ಲಿ ಮಧ್ಯರಾತ್ರಿಯಾದಾಗ ನಿಮಗಿನ್ನೂ ಮಧ್ಯಾಹ್ನದ ಎರಡೂವರೆ. ಊಟಕ್ಕೆ ಮುಂಚೆ ಒಮ್ಮೆ ನಕ್ಷೆ ನೋಡಿ, ಸಂಜೆ ಮತ್ತೊಮ್ಮೆ ನೋಡಿದರೆ ಲೆಕ್ಕದಲ್ಲಿ ಎರಡು ದಿನ.

ದಿನ ಯಾವಾಗ ‘ಆರಂಭ’ವಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಬಳಸಿದ ದಿನಕ್ಕಷ್ಟೇ ಹಣ ಎಂದು ಜಾಹೀರಾತು ಹೇಳುತ್ತದೆ, ಆದರೆ ಬಳಕೆ ಎಂದರೆ ನೀವು ಬೆರಳಾಡಿಸಿದ್ದು ಎಂದಲ್ಲ. ಹಿನ್ನೆಲೆಯಲ್ಲಿ ಆ್ಯಪ್ ಒಂದು ಕೆಲವು ಕೆಬಿ ಡೇಟಾ ತೆಗೆದುಕೊಂಡರೂ ಸಾಕು. ಈ ಬರಹಗಾರ ಒಮ್ಮೆ ಮಾರ್ಗಮಧ್ಯದ ದೇಶದಲ್ಲಿ ಮೂರು ಗಂಟೆ ವಿಮಾನಕ್ಕಾಗಿ ಕಾದು ಕುಳಿತಿದ್ದಾಗ, ಜೇಬಿನಲ್ಲೇ ಇದ್ದ ಫೋನು ಆರೇಳು ಮೆಸೇಜು ಇಳಿಸಿಕೊಂಡು ಪೂರ್ತಿ ಒಂದು ದಿನದ ಪ್ಯಾಕಿನ ಹಣ ಕಟ್ಟಿಸಿತು. ಅವುಗಳಲ್ಲಿ ಮೂರು ‘ಶುಭೋದಯ’ದ ಚಿತ್ರಗಳು.

ಪ್ರವಾಸ ಐದಾರು ದಿನಕ್ಕಿಂತ ಹೆಚ್ಚಿದ್ದು, ದಿನವೂ ಡೇಟಾ ಬೇಕಾಗುವುದಾದರೆ ದಿನದ ಪ್ಯಾಕಿಗಿಂತ ಒಟ್ಟು ಅವಧಿಯ ಪ್ಯಾಕ್ ಅಗ್ಗವಾಗಬಹುದು. ಎರಡನ್ನೂ ಕೂಡಿ ಕಳೆದು ನೋಡಿ.

ಯಾವ ಪ್ಯಾಕನ್ನೂ ಹಾಕಿಸದೆ ಹೋದರೆ?

ಪ್ಲಾನಿನಲ್ಲಿಯೇ ರೋಮಿಂಗ್ ಸೇರಿರದಿದ್ದರೆ ಬಿಡಿ ದರ ಅನ್ವಯಿಸುತ್ತದೆ. ಬಿಡಿ ದರವನ್ನು ಎಂಬಿ ಅಥವಾ ಕೆಬಿಯ ಲೆಕ್ಕದಲ್ಲಿ ಬರೆದಿರುವುದರಿಂದ ಅದು ನೋಡಲು ಸಣ್ಣದಾಗಿ ಕಾಣುತ್ತದೆ. 1 ಜಿಬಿ ಎಂದರೆ ಸುಮಾರು 1000 ಎಂಬಿ ಎಂದು ಗುಣಿಸಿ ನೋಡಿದಾಗಲೇ ಅದರ ನಿಜವಾದ ಗಾತ್ರ ತಿಳಿಯುವುದು. ಪ್ಯಾಕ್ ಬೇಡವೆಂದಾದರೆ ಡೇಟಾ ರೋಮಿಂಗನ್ನು ಪೂರ್ತಿ ಬಂದ್ ಮಾಡಿಕೊಂಡೇ ವಿಮಾನ ಹತ್ತಿ.

ಫೋನಿನಲ್ಲಿ ‘ಡೇಟಾ ರೋಮಿಂಗ್’ ಆಫ್ ಮಾಡಿದರೆ ಪೂರ್ತಿ ಸುರಕ್ಷಿತವೇ?

ಡೇಟಾದ ಮಟ್ಟಿಗೆ ಹೌದು. ಆದರೆ ಆ ಸ್ವಿಚ್ ತಡೆಯುವುದು ಡೇಟಾವನ್ನು ಮಾತ್ರ. ಕರೆಗಳೂ ಎಸ್‌ಎಂಎಸ್‌ಗಳೂ ಎಂದಿನಂತೆ ಬರುತ್ತಲೇ ಇರುತ್ತವೆ, ಅವುಗಳ ದರವೂ ಬೀಳುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಪ್ರತಿ ಸಿಮ್‌ಗೂ ಬೇರೆ ಸ್ವಿಚ್ ಇರುತ್ತದೆ ಎಂಬುದನ್ನು ಮರೆಯಬೇಡಿ. ಐಫೋನುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಸಿಮ್ ಬದಲಿಸಿದಾಗ ಐಮೆಸೇಜ್ ಮತ್ತು ಫೇಸ್‌ಟೈಮ್ ಸೇವೆಗಳು ನಂಬರನ್ನು ದೃಢಪಡಿಸಿಕೊಳ್ಳಲು ಕಣ್ಣಿಗೆ ಕಾಣದ ಎಸ್‌ಎಂಎಸ್ ಒಂದನ್ನು ಕಳುಹಿಸಬಹುದು, ಅದಕ್ಕೆ ಅಂತರರಾಷ್ಟ್ರೀಯ ಎಸ್‌ಎಂಎಸ್ ದರ ಬೀಳಬಹುದು. ಮೊತ್ತ ಸಣ್ಣದು, ಆದರೆ ಬಿಲ್ಲಿನಲ್ಲಿ ಗುರುತೇ ಇಲ್ಲದ ಪರದೇಶದ ನಂಬರ್ ನೋಡಿ ಗಾಬರಿಯಾಗುವವರಿದ್ದಾರೆ.

ಕರೆಗಳೂ ಬೇಡವೆಂದಾದರೆ ಫ್ಲೈಟ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಆನ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಭದ್ರವಾದ ಮಾರ್ಗ.

ಎಷ್ಟು ಡೇಟಾ ಬೇಕಾದೀತು? ಯಾವುದು ಹೆಚ್ಚು ತಿನ್ನುತ್ತದೆ?

ಅಕ್ಷರದ ಮೆಸೇಜು, ನಕ್ಷೆ ಮತ್ತು ಇಮೇಲ್ ಇವು ಮೂರೂ ಹೆಚ್ಚು ತಿನ್ನುವುದಿಲ್ಲ. ವಿಡಿಯೋ ತಿನ್ನುತ್ತದೆ: ಎಚ್‌ಡಿ ಗುಣಮಟ್ಟದ ಸಿನಿಮಾ ಗಂಟೆಗೆ 3 ಜಿಬಿಯವರೆಗೂ ಎಳೆಯಬಲ್ಲದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಮನಕ್ಕೆ ಬಾರದೇ ಉಳಿಯುವುದು ಫೋಟೋ ಬ್ಯಾಕಪ್. ಪ್ರವಾಸದಲ್ಲಿ ಒಂದು ದಿನಕ್ಕೆ 200 ಫೋಟೋ ತೆಗೆಯುವುದು ದೊಡ್ಡದೇನಲ್ಲ. ಒಂದಕ್ಕೆ 4 ಎಂಬಿ ಎಂದು ಹಿಡಿದರೂ 800 ಎಂಬಿ ಆಯಿತು. 4ಕೆ ವಿಡಿಯೋ ಆದರೆ ಒಂದೇ ನಿಮಿಷದ ತುಣುಕು 150 ಎಂಬಿ ದಾಟುತ್ತದೆ. ನೀವು ದೇವಸ್ಥಾನದ ಗೋಪುರವನ್ನೋ ಜಲಪಾತವನ್ನೋ ನೋಡುತ್ತಾ ನಿಂತಿರುವಷ್ಟು ಹೊತ್ತಿನಲ್ಲಿ ಫೋನು ಇದೆಲ್ಲವನ್ನೂ ರೋಮಿಂಗ್ ದರದಲ್ಲಿ ಮೇಲೇರಿಸುತ್ತಿರಬಹುದು.

ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಕುಳಿತು ಒಂದು ಅರ್ಧ ಗಂಟೆ ಈ ಕೆಲಸಕ್ಕೆ ಕೊಡಿ. ಫೋಟೋ ಬ್ಯಾಕಪ್ ವೈಫೈನಲ್ಲಿ ಮಾತ್ರ ಎಂದು ಹೊಂದಿಸಿ. ಆ್ಯಪುಗಳ ಸ್ವಯಂ ಅಪ್‌ಡೇಟ್ ನಿಲ್ಲಿಸಿ. ಮೆಸೇಜ್ ಆ್ಯಪಿನಲ್ಲಿ ರೋಮಿಂಗ್ ಇದ್ದಾಗ ಚಿತ್ರ, ವಿಡಿಯೋಗಳು ತಾವಾಗಿ ಡೌನ್‌ಲೋಡ್ ಆಗದಂತೆ ಮಾಡಿ. ಹೋಗುವ ಊರಿನ ನಕ್ಷೆಯನ್ನೂ, ಅನುವಾದದ ಆ್ಯಪಿನಲ್ಲಿ ಆ ಭಾಷೆಯನ್ನೂ ಇಳಿಸಿಟ್ಟುಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಮಿತಿ ಅಥವಾ ಡೇಟಾ ಉಳಿತಾಯದ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಜೋಡಿಸುವವರು ಇನ್ನೂ ಎಚ್ಚರವಾಗಿರಬೇಕು, ಏಕೆಂದರೆ ಲ್ಯಾಪ್‌ಟಾಪಿಗೆ ಅದು ಬರೀ ಒಂದು ವೈಫೈ. ಸಾವಿರಾರು ಎಂಬಿಯ ಅಪ್‌ಡೇಟನ್ನು ಅದು ಸಂಕೋಚವಿಲ್ಲದೆ ಎಳೆದುಕೊಳ್ಳುತ್ತದೆ.

ಒಳಬರುವ ಕರೆಗೂ ಹಣವೇ? ನಾನು ಎತ್ತದಿದ್ದರೆ?

ಮನೆಯಲ್ಲಿದ್ದಾಗ ಒಳಬರುವ ಕರೆ ಉಚಿತವಾಗಿದ್ದರೂ ರೋಮಿಂಗಿನಲ್ಲಿ ಅದಕ್ಕೆ ಹಣ ಬೀಳುವುದು ಸಾಮಾನ್ಯ. ಕರೆ ಮಾಡಿದವರು ನಿಮ್ಮ ದೇಶದೊಳಗಿನ ಕರೆಯ ಹಣ ಕೊಡುತ್ತಾರೆ. ನಿಮ್ಮ ದೇಶದಿಂದ ನೀವಿರುವ ದೇಶದವರೆಗೆ ಆ ಕರೆಯನ್ನು ಹೊತ್ತುತರುವ ಖರ್ಚು ನಿಮ್ಮದು.

ಎತ್ತದಿದ್ದರೆ ಸಾಮಾನ್ಯವಾಗಿ ಹಣವಿಲ್ಲ. ಆದರೆ ವಾಯ್ಸ್‌ಮೇಲ್ (ಎತ್ತದ ಕರೆಯವರ ಮಾತನ್ನು ಮುದ್ರಿಸಿಡುವ ಸೇವೆ) ಚಾಲೂ ಇದ್ದವರಿಗೆ ಇಲ್ಲೊಂದು ಹೊಂಡ ಇದೆ. ಕರೆ ಮೊದಲು ನೀವಿರುವ ದೇಶದವರೆಗೆ ಬರುತ್ತದೆ, ಅಲ್ಲಿ ನಿಮ್ಮ ಫೋನ್ ಗಂಟೆ ಬಾರಿಸುತ್ತದೆ, ನೀವು ಎತ್ತುವುದಿಲ್ಲ, ಆಗ ಅಲ್ಲಿನ ಜಾಲವು ಕರೆಯನ್ನು ನಿಮ್ಮ ದೇಶದಲ್ಲಿರುವ ವಾಯ್ಸ್‌ಮೇಲ್‌ಗೆ ಮರಳಿ ಕಳುಹಿಸುತ್ತದೆ. ಹೀಗೆ ಹೋಗಿ ಬಂದ ಕರೆಗೆ ಒಮ್ಮೆ ಒಳಬಂದಿದ್ದಕ್ಕೆ, ಇನ್ನೊಮ್ಮೆ ಅಂತರರಾಷ್ಟ್ರೀಯ ಕರೆಯಾಗಿ ಹೊರಹೋಗಿದ್ದಕ್ಕೆ ಎಂದು ಎರಡು ಸಲ ಹಣ ಬೀಳಬಹುದು. ನೀವು ಒಂದು ಮಾತನ್ನೂ ಆಡಿರುವುದಿಲ್ಲ. ಹೊರಡುವ ಮುನ್ನ ವಾಯ್ಸ್‌ಮೇಲ್ ಮತ್ತು ಕರೆ ಫಾರ್ವರ್ಡಿಂಗ್ ನಿಲ್ಲಿಸುವುದು ಇದಕ್ಕೆ ಪರಿಹಾರ. ಬಹುತೇಕ ಜಾಲಗಳಲ್ಲಿ ##002# ಡಯಲ್ ಮಾಡಿದರೆ ಎಲ್ಲ ಬಗೆಯ ಫಾರ್ವರ್ಡಿಂಗ್ ರದ್ದಾಗುತ್ತದೆ. ಫೋನನ್ನು ಆಫ್ ಮಾಡಿಟ್ಟೇ ದೇಶ ಬಿಟ್ಟು, ಅಲ್ಲಿ ಆನ್ ಮಾಡದೇ ಇದ್ದರೆ ಈ ತೊಂದರೆಯಿಲ್ಲ. ಆಗ ಕರೆ ದೇಶ ದಾಟುವುದೇ ಇಲ್ಲ.

ಜೊತೆಗೆ ಬಂದವರಿಗೆ ಅಲ್ಲಿಂದಲೇ ಕರೆ ಮಾಡಿದರೆ ಅದು ಲೋಕಲ್ ಕರೆಯಲ್ಲವೇ?

ಅಲ್ಲ. ನೀವು ವಸ್ತುಸಂಗ್ರಹಾಲಯದ ಒಳಗಿದ್ದೀರಿ, ನಿಮ್ಮ ತಂಗಿ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದಾಳೆ, ಇಬ್ಬರಲ್ಲೂ ಮನೆಯ ಸಿಮ್ ಇದೆ ಎಂದುಕೊಳ್ಳಿ. ನೀವು ಮಾಡಿದ ಕರೆ ನಿಮ್ಮ ದೇಶಕ್ಕೆ ಹೋಗಿ, ಅಲ್ಲಿಂದ ಆಕೆಯ ಫೋನನ್ನು ಹುಡುಕಿಕೊಂಡು ಅದೇ ಮೆಟ್ಟಿಲಿಗೆ ಮರಳಿ ಬರುತ್ತದೆ. ನಿಮಗೆ ಅಂತರರಾಷ್ಟ್ರೀಯ ಹೊರಕರೆಯ ದರ, ಆಕೆಗೆ ರೋಮಿಂಗ್ ಒಳಕರೆಯ ದರ. ಗುಂಪಾಗಿ ಹೋದವರು ವೈಫೈ ಇದ್ದಲ್ಲಿ ಆ್ಯಪಿನಲ್ಲಿ ಮಾತಾಡಿಕೊಳ್ಳುವುದು ಅಥವಾ ಭೇಟಿಯಾಗುವ ಜಾಗವನ್ನು ಬಾಯಲ್ಲೇ ಗೊತ್ತು ಮಾಡಿಕೊಳ್ಳುವುದು ಲೇಸು.

ನಂಬರ್ ಹೇಗೆ ಡಯಲ್ ಮಾಡಬೇಕು?

ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದರೆ ಬರುವ + ಚಿಹ್ನೆ, ಅದರ ಬೆನ್ನಿಗೆ ದೇಶದ ಕೋಡ್, ಆಮೇಲೆ ನಂಬರ್. ನಂಬರಿನ ಆರಂಭದ ಸೊನ್ನೆಯನ್ನು ಬಿಡಬೇಕಾಗುತ್ತದೆ. ಇಟಲಿಯ ಸ್ಥಿರ ದೂರವಾಣಿಗಳು ಇದಕ್ಕೆ ಅಪವಾದ, ಅಲ್ಲಿ ಸೊನ್ನೆಯನ್ನು ಉಳಿಸಿಕೊಳ್ಳಬೇಕು. ಮನೆಯವರ, ಬ್ಯಾಂಕಿನ, ವಿಮೆ ಕಂಪನಿಯ ನಂಬರುಗಳನ್ನು + ಮತ್ತು ಕೋಡ್ ಸಹಿತವಾಗಿ ಮೊದಲೇ ಸೇವ್ ಮಾಡಿಟ್ಟುಕೊಳ್ಳಿ. ಬ್ಯಾಂಕುಗಳ ಟೋಲ್ ಫ್ರೀ ನಂಬರುಗಳು ಹೊರದೇಶದಿಂದ ಸಿಗದೆ ಹೋಗುವುದೇ ಹೆಚ್ಚು. ಕಾರ್ಡಿನ ಹಿಂಬದಿಯಲ್ಲಿ ವಿದೇಶದಿಂದ ಕರೆ ಮಾಡುವ ನಂಬರ್ ಬೇರೆ ಇರುತ್ತದೆ, ನೋಡಿಟ್ಟುಕೊಳ್ಳಿ.

ಬ್ಯಾಂಕಿನ ಒಟಿಪಿ ಬರುತ್ತದೆಯೇ? ಎಸ್‌ಎಂಎಸ್‌ಗೆ ಎಷ್ಟು?

ಮನೆಯ ಸಿಮ್ ಫೋನಿನಲ್ಲಿದ್ದು, ಅದು ಅಲ್ಲಿನ ಜಾಲಕ್ಕೆ ನೋಂದಾಯಿತವಾಗಿದ್ದರೆ ಒಟಿಪಿ ಬರುತ್ತದೆ. ಅದಕ್ಕೆ ಡೇಟಾ ಬೇಕಿಲ್ಲ, ಡೇಟಾ ರೋಮಿಂಗ್ ಆಫ್ ಇದ್ದರೂ ನಡೆಯುತ್ತದೆ. ಒಳಬರುವ ಎಸ್‌ಎಂಎಸ್‌ಗೆ ಬಹುಪಾಲು ಕಂಪನಿಗಳು ಹಣ ಪಡೆಯುವುದಿಲ್ಲ, ಆದರೂ ನಿಮ್ಮ ಪ್ಲಾನಿನ ನಿಯಮವನ್ನು ನೋಡಿಕೊಳ್ಳಿ. ಮನೆಯ ಸಿಮ್ ತೆಗೆದು ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಒಟಿಪಿ ಬರುವ ದಾರಿ ಮುಚ್ಚುತ್ತದೆ. ಹೋಟೆಲಿಗೆ ಹಣ ಕಟ್ಟುವ ಹೊತ್ತಿನಲ್ಲಿ ಇದು ನೆನಪಾದರೆ ಪ್ರಯೋಜನವಿಲ್ಲ.

ಕಳುಹಿಸುವ ಎಸ್‌ಎಂಎಸ್ ಬಗ್ಗೆ ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕಾದ ಮಾತೊಂದಿದೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ, ಕನ್ನಡದಲ್ಲಿ 70 ಮಾತ್ರ ಹಿಡಿಯುತ್ತವೆ. ಅದರಲ್ಲೂ ಒತ್ತಕ್ಷರ, ಗುಣಿತ ಚಿಹ್ನೆಗಳನ್ನೆಲ್ಲ ಬೇರೆ ಬೇರೆಯಾಗಿ ಎಣಿಸುವುದರಿಂದ ‘ಸ್ತ್ರೀ’ ಎಂಬ ಒಂದು ಅಕ್ಷರವೇ ಆರಾಗುತ್ತದೆ. ‘ಕ್ಷೇಮವಾಗಿ ತಲುಪಿದೆವು’ ಎಂದು ನಾಲ್ಕು ಸಾಲು ಅಕ್ಕರೆಯಿಂದ ಬರೆದರೆ ಅದು ಮೂರು ನಾಲ್ಕು ಎಸ್‌ಎಂಎಸ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ರೋಮಿಂಗ್ ದರ ಬೀಳುತ್ತದೆ.

ವಾಟ್ಸ್ಆ್ಯಪ್ ನಂಬರ್ ಬದಲಾಗುತ್ತದೆಯೇ?

ಇಲ್ಲ. ಖಾತೆ ಒಮ್ಮೆ ನೋಂದಾಯಿತವಾದ ಮೇಲೆ ಯಾವ ಸಿಮ್‌ನ ಡೇಟಾ ಬಳಸಿದರೂ, ಬರೀ ವೈಫೈ ಬಳಸಿದರೂ ಹಳೆಯ ನಂಬರೇ ಮುಂದುವರಿಯುತ್ತದೆ. ನಂಬರ್ ಬದಲಿಸಬೇಕೇ ಎಂದು ಆ್ಯಪ್ ಕೇಳಿದರೆ ಬೇಡ ಎನ್ನಿ. ಪ್ರವಾಸದ ನಡುವೆ ಆ್ಯಪನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ, ಆಗ ಒಟಿಪಿ ಕೇಳುತ್ತದೆ. ಕೆಲವು ದೇಶಗಳಲ್ಲಿ ಇಂಥ ಆ್ಯಪುಗಳ ಕರೆ ಸೌಲಭ್ಯಕ್ಕೆ ನಿರ್ಬಂಧವಿದೆ ಎಂಬುದೂ ನೆನಪಿರಲಿ.

ವೈಫೈ ಕಾಲಿಂಗ್ ಬಳಸಿದರೆ ಉಳಿತಾಯವೇ?

ಇದು ಆ್ಯಪಿನ ಕರೆಯಲ್ಲ. ನಿಮ್ಮ ನಂಬರಿನ ಮಾಮೂಲು ಕರೆಯೇ ಟವರಿನ ಬದಲು ವೈಫೈ ಮೂಲಕ ನೇರವಾಗಿ ನಿಮ್ಮ ಕಂಪನಿಯನ್ನು ತಲುಪುವ ವ್ಯವಸ್ಥೆ. ಆದ್ದರಿಂದ ಅನೇಕ ಕಂಪನಿಗಳು ಇದನ್ನು ನೀವು ಮನೆಯಲ್ಲಿಯೇ ಇದ್ದು ಮಾಡಿದ ಕರೆಯೆಂದು ಎಣಿಸುತ್ತವೆ, ಹೋಟೆಲಿನ ವೈಫೈನಿಂದ ಮನೆಗೆ ಮಾಡಿದ ಕರೆಗೆ ರೋಮಿಂಗ್ ದರ ಬೀಳುವುದಿಲ್ಲ. ಆದರೆ ಅದೇ ತರ್ಕದ ಇನ್ನೊಂದು ಮುಖವನ್ನೂ ನೋಡಿ: ಅದೇ ಹೋಟೆಲಿನಿಂದ ಬೀದಿಯಾಚೆಯ ಟ್ಯಾಕ್ಸಿಯವನಿಗೆ ಕರೆ ಮಾಡಿದರೆ, ಲೆಕ್ಕದಲ್ಲಿ ಅದು ನಿಮ್ಮ ದೇಶದಿಂದ ಪರದೇಶಕ್ಕೆ ಮಾಡಿದ ಕರೆ. ವಿದೇಶದಲ್ಲಿ ವೈಫೈ ಕಾಲಿಂಗನ್ನೇ ಬಿಡದ ಕಂಪನಿಗಳೂ ಇವೆ, ಬಿಟ್ಟರೂ ರೋಮಿಂಗ್ ದರವನ್ನೇ ಹಾಕುವ ಕಂಪನಿಗಳೂ ಇವೆ. ಈ ಒಂದು ವಿಷಯದಲ್ಲಿ ಊಹೆ ಬೇಡ, ನಿಮ್ಮ ಕಂಪನಿಯಿಂದ ಲಿಖಿತ ಉತ್ತರವನ್ನೇ ಪಡೆಯಿರಿ.

ನನ್ನ ಫೋನು ಅಲ್ಲಿನ ಜಾಲಕ್ಕೆ ಹೊಂದುತ್ತದೆಯೇ?

ಈಚಿನ ಫೋನುಗಳು ಹೆಚ್ಚಿನ ದೇಶಗಳಲ್ಲಿ ನಡೆಯುತ್ತವೆ. ತೊಂದರೆ ಬರುವುದು ಹಳೆಯ ಫೋನುಗಳಿಗೆ ಮತ್ತು ಗುಂಡಿಯ ಫೋನುಗಳಿಗೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ 2024ರ ಕೊನೆಯ ಭಾಗದಲ್ಲಿ ಅದೇ ಆಯಿತು. ಇಂಥ ಕಡೆ ಕರೆ ಮಾಡಬೇಕಾದರೆ ಫೋನಿಗೆ 4ಜಿ ಮೇಲೆಯೇ ಮಾತಾಡುವ ವೋಲ್ಟೆ ಸೌಲಭ್ಯವಿರಬೇಕು, ಅಷ್ಟೇ ಅಲ್ಲ, ರೋಮಿಂಗಿನಲ್ಲೂ ವೋಲ್ಟೆ ನಡೆಯುವಂತೆ ಎರಡೂ ಕಂಪನಿಗಳ ನಡುವೆ ಒಪ್ಪಂದವಿರಬೇಕು. ಡೇಟಾ ಚೆನ್ನಾಗಿ ಬರುತ್ತಿದ್ದರೂ ಕರೆ ಹೋಗದೇ ಇರುವುದಕ್ಕೆ ಬಹಳ ಸಲ ಇದೇ ಕಾರಣ.

ಮನೆಯ ಪ್ಲಾನಿನ ರೋಮಿಂಗ್ ಒಳ್ಳೆಯದೋ, ಪ್ರವಾಸಕ್ಕೆ ಬೇರೆ ಇ-ಸಿಮ್ ಒಳ್ಳೆಯದೋ?

ಇ-ಸಿಮ್ ಎಂದರೆ ಪ್ಲಾಸ್ಟಿಕ್ ತುಂಡಿಲ್ಲದೆ, ಇಂಟರ್ನೆಟ್ಟಿನಿಂದ ಫೋನಿಗೆ ಇಳಿಸಿಕೊಳ್ಳುವ ಸಿಮ್. ಮೂರು ನಾಲ್ಕು ದಿನದ ಕೆಲಸದ ಪ್ರವಾಸಕ್ಕೆ, ದಿನವಿಡೀ ನಿಮ್ಮ ನಂಬರಿಗೆ ಕರೆ ಬರುವುದಾದರೆ, ಮನೆಯ ಪ್ಲಾನೇ ನೆಮ್ಮದಿ. ಎರಡು ವಾರದ ತಿರುಗಾಟಕ್ಕೆ, ಮುಖ್ಯವಾಗಿ ನಕ್ಷೆ, ಮೆಸೇಜು, ಫೋಟೋ ಎನ್ನುವವರಿಗೆ ಎರಡನ್ನೂ ಜೋಡಿಸಿಕೊಳ್ಳುವುದು ಮೇಲು: ಮನೆಯ ಸಿಮ್ ಕರೆಗೂ ಒಟಿಪಿಗೂ ಎಂದು ಫೋನಿನಲ್ಲೇ ಇರಲಿ, ಅದರ ಡೇಟಾ ರೋಮಿಂಗ್ ಬಂದ್ ಇರಲಿ, ಡೇಟಾಕ್ಕೆ ಮಾತ್ರ ಇ-ಸಿಮ್ ಇರಲಿ. ಈ ಬರಹಗಾರನ ಮತ ಈ ಎರಡನೆಯ ದಾರಿಯ ಕಡೆಗೆ.

ಹೀಗೆ ಮಾಡುವವರು ಮೂರು ವಿಷಯ ನೋಡಿಕೊಳ್ಳಬೇಕು. ಇ-ಸಿಮ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಆದ್ದರಿಂದ ಅದನ್ನು ಮನೆಯಲ್ಲಿರುವಾಗಲೇ ಹಾಕಿಕೊಳ್ಳಬೇಕು. ಕ್ಯೂಆರ್ ಕೋಡ್ ಎಷ್ಟೋ ಸಲ ಒಮ್ಮೆ ಮಾತ್ರ ನಡೆಯುವುದರಿಂದ ಹಾಕಿದ ಇ-ಸಿಮ್ ಅನ್ನು ಕೈತಪ್ಪಿ ಅಳಿಸಬಾರದು. ಎರಡನೆಯದಾಗಿ, ಒಂದು ಸಿಮ್‌ನ ಸಿಗ್ನಲ್ ದುರ್ಬಲವಾದಾಗ ಇನ್ನೊಂದರ ಡೇಟಾಕ್ಕೆ ತಾನಾಗಿ ಜಿಗಿಯುವ ಆಯ್ಕೆ ಕೆಲವು ಫೋನುಗಳಲ್ಲಿರುತ್ತದೆ, ಅದನ್ನು ಆಫ್ ಮಾಡಬೇಕು. ಇಲ್ಲವಾದರೆ ಫೋನು ಸದ್ದಿಲ್ಲದೆ ಮನೆಯ ಸಿಮ್‌ಗೆ ದಾಟಲು ನೋಡುತ್ತದೆ. ಮೂರನೆಯದು ಫೋನಿನದೇ ವಿಚಾರ: ಕಂಪನಿಗೆ ಲಾಕ್ ಆದ ಫೋನು ಬೇರೆ ಸಿಮ್ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮಾರಾಟವಾದ ಐಫೋನ್ 14 ಮತ್ತು ನಂತರದವುಗಳಲ್ಲಿ ಪ್ಲಾಸ್ಟಿಕ್ ಸಿಮ್ ಹಾಕುವ ಜಾಗವೇ ಇಲ್ಲ, ಅಲ್ಲಿನ ಸಂಬಂಧಿಕರಿಂದ ಫೋನ್ ತರಿಸಿಕೊಂಡವರು ಇದನ್ನು ಗಮನಿಸಬೇಕು.

ಯುರೋಪಿನಲ್ಲಿ ರೋಮಿಂಗ್ ಉಚಿತ ಎಂದು ಕೇಳಿದ್ದೇನೆ. ಹೌದೇ?

ಅರ್ಧ ಸತ್ಯ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ಒಂದು ದೇಶದ ಪ್ಲಾನನ್ನು ಇನ್ನೊಂದರಲ್ಲಿ ಮನೆಯ ದರದಲ್ಲೇ ಬಳಸಬಹುದು, ನ್ಯಾಯಯುತ ಬಳಕೆಯ ಮಿತಿಗೆ ಒಳಪಟ್ಟು. 2022ರಲ್ಲಿ ಈ ನಿಯಮವನ್ನು 2032ರವರೆಗೆ ಮುಂದುವರಿಸಲಾಯಿತು. ಒಕ್ಕೂಟದ ಹೊರಗಿರುವ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್‌ಗಳಿಗೂ ಇದು ಅನ್ವಯಿಸುತ್ತದೆ. ಆದರೆ ಇದರ ಲಾಭ ಅಲ್ಲಿನ ಕಂಪನಿಗಳ ಗ್ರಾಹಕರಿಗೆ. ಹೊರಗಿನಿಂದ ಬೇರೆ ದೇಶದ ಸಿಮ್ ಹಿಡಿದು ಹೋದವರಿಗಲ್ಲ. ಸ್ವಿಟ್ಜರ್‌ಲ್ಯಾಂಡ್ ಮತ್ತು ಬ್ರಿಟನ್ ಈ ನಿಯಮಕ್ಕೆ ಬದ್ಧವಾಗಿಲ್ಲ. ಒಕ್ಕೂಟದ ದೇಶವೊಂದರ ಇ-ಸಿಮ್ ಕೊಂಡು ರೈಲಿನಲ್ಲಿ ದೇಶ ದೇಶ ಸುತ್ತುವವರು ಸ್ವಿಸ್ ಗಡಿ ದಾಟುವ ಮೊದಲು ಇ-ಸಿಮ್ ನಡೆಯುವ ದೇಶಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ನೋಡಬೇಕು.

ಒಕ್ಕೂಟದ ಕಾನೂನಿನ ಇನ್ನೊಂದು ಅಂಶ ಮೆಚ್ಚುವಂಥದ್ದು: ಗ್ರಾಹಕ ಬೇರೆ ಮಿತಿ ಕೇಳಿರದಿದ್ದರೆ, ರೋಮಿಂಗ್ ಡೇಟಾದ ಖರ್ಚು ತೆರಿಗೆ ಬಿಟ್ಟು 50 ಯೂರೋ ಮುಟ್ಟಿದಾಗ ಕಂಪನಿ ಡೇಟಾ ನಿಲ್ಲಿಸಬೇಕು. ನಿಮ್ಮ ಕಂಪನಿಯಲ್ಲೂ ಇಂಥ ಮಿತಿ ಇಡುವ ಅವಕಾಶವಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಹಡಗಿನಲ್ಲಿ, ವಿಮಾನದಲ್ಲಿ ಸಿಗ್ನಲ್ ಬರುತ್ತದಲ್ಲ, ಅದು ಯಾವ ದೇಶದ್ದು?

ಯಾವ ದೇಶದ್ದೂ ಅಲ್ಲ. ಹಡಗು ದಡದಿಂದ ದೂರ ಸರಿದ ಮೇಲೆ ತನ್ನೊಳಗಿನ ಪುಟ್ಟ ಟವರನ್ನು ಚಾಲೂ ಮಾಡುತ್ತದೆ, ಅದು ಉಪಗ್ರಹದ ಮೂಲಕ ಹೊರಜಗತ್ತಿಗೆ ಜೋಡಿಸಿಕೊಂಡಿರುತ್ತದೆ. ಇಂಥ ಜಾಲಗಳಿಗೆ ಯಾವ ದೇಶಕ್ಕೂ ಸೇರದ 901 ಎಂಬ ಸಂಕೇತವಿದೆ. ನೀವು ಹಾಕಿಸಿದ ದೇಶದ ಪ್ಯಾಕ್ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಬಿಡಿ ದರವೂ ನೆಲದ ರೋಮಿಂಗಿಗಿಂತ ಬಹಳ ಹೆಚ್ಚು. ಹಡಗು ಬಂದರು ಬಿಡುವ ಮೊದಲೇ ಫ್ಲೈಟ್ ಮೋಡ್ ಹಾಕಿ. ಮಕ್ಕಳ ಕೈಯಲ್ಲಿರುವ ಫೋನುಗಳಿಗೂ.

ಗಡಿ ದಾಟದೆಯೇ ರೋಮಿಂಗ್ ಬಿಲ್ಲು ಬಂದಿದೆ. ಹೇಗೆ?

ರೇಡಿಯೋ ತರಂಗಗಳಿಗೆ ಗಡಿಯ ಬೇಲಿ ಕಾಣುವುದಿಲ್ಲ. ಗಡಿಗೆ ಸಮೀಪದ ಊರಿನಲ್ಲಿ ನೆರೆ ದೇಶದ ಟವರಿನ ಸಿಗ್ನಲ್ ಬಲವಾಗಿದ್ದು, ನಿಮ್ಮ ಕಂಪನಿಯ ಸಿಗ್ನಲ್ ಸೋತರೆ ಫೋನು ಆಚೆಗೆ ಒರಗುತ್ತದೆ. ಅಂಥ ಕಡೆ ಜಾಲದ ಆಯ್ಕೆಯನ್ನು ‘ಸ್ವಯಂಚಾಲಿತ’ದಿಂದ ಬದಲಿಸಿ, ನಿಮ್ಮ ಕಂಪನಿಯನ್ನೇ ಕೈಯಿಂದ ಆರಿಸಿಡಿ. ಹೊರಟ ಮೇಲೆ ಅದನ್ನು ಮತ್ತೆ ಸ್ವಯಂಚಾಲಿತಕ್ಕೆ ತರುವುದನ್ನು ಮರೆಯದಿರಿ.

ಸಿಗ್ನಲ್ ಪೂರ್ತಿ ಇದ್ದರೂ ಇಂಟರ್ನೆಟ್ ನಿಧಾನ. ಏಕೆ?

ಸಾಮಾನ್ಯವಾಗಿ ರೋಮಿಂಗ್ ಡೇಟಾ ಅಲ್ಲಿಂದಲೇ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ನಿಮ್ಮ ದೇಶದಲ್ಲಿರುವ ನಿಮ್ಮ ಕಂಪನಿಯ ದ್ವಾರದವರೆಗೆ ಬಂದು, ಅಲ್ಲಿಂದ ಹೊರಗೆ ಹೋಗುತ್ತದೆ. ಟೋಕಿಯೋದಲ್ಲಿ ನಿಂತು ಟೋಕಿಯೋದ ರೈಲಿನ ವೇಳಾಪಟ್ಟಿ ತೆರೆದರೂ ಆ ಕೋರಿಕೆ ನಿಮ್ಮ ದೇಶಕ್ಕೆ ಹೋಗಿ ಮರಳುತ್ತದೆ, ಆ ಹೋಗಿಬರುವ ದೂರವೇ ತಡ. ಇದರಿಂದ ಕೆಲವು ವಿಚಿತ್ರಗಳೂ ಹುಟ್ಟುತ್ತವೆ. ವೆಬ್‌ಸೈಟುಗಳು ನೀವು ಮನೆಯಲ್ಲೇ ಇದ್ದೀರೆಂದು ತಿಳಿಯುತ್ತವೆ. ಚೀನಾದಲ್ಲಿ ಹೋಟೆಲಿನ ವೈಫೈನಲ್ಲಿ ತೆರೆಯದ ಎಷ್ಟೋ ಸೈಟುಗಳು ವಿದೇಶಿ ಸಿಮ್‌ನ ರೋಮಿಂಗ್ ಡೇಟಾದಲ್ಲಿ ತೆರೆಯುವುದು ಈ ಕಾರಣದಿಂದಲೇ.

ಇಳಿದ ಮೇಲೆ ಜಾಲವೇ ಸಿಗುತ್ತಿಲ್ಲ. ಏನು ಮಾಡಲಿ?

ಮೊದಲು ಫೋನ್ ಆಫ್ ಮಾಡಿ ಆನ್ ಮಾಡಿ. ಹತ್ತು ನಿಮಿಷ ಕಾಯಿರಿ, ಹೊಸ ದೇಶದ ಮೊದಲ ನೋಂದಣಿಗೆ ಸಮಯ ಹಿಡಿಯುತ್ತದೆ. ಆಗಲೂ ಬಾರದಿದ್ದರೆ ಜಾಲದ ಆಯ್ಕೆಯಲ್ಲಿ ಒಂದೊಂದೇ ಕಂಪನಿಯನ್ನು ಕೈಯಿಂದ ಆರಿಸಿ ನೋಡಿ. ಕರೆ ಬಂದು ಡೇಟಾ ಬಾರದಿದ್ದರೆ ಡೇಟಾ ರೋಮಿಂಗ್ ಸ್ವಿಚ್ಚನ್ನೂ ಎಪಿಎನ್ (ಫೋನನ್ನು ಕಂಪನಿಯ ಇಂಟರ್ನೆಟ್ ದ್ವಾರಕ್ಕೆ ಜೋಡಿಸುವ ಹೆಸರು) ಸೆಟ್ಟಿಂಗನ್ನೂ ಪರೀಕ್ಷಿಸಿ. ಯಾವುದೂ ಫಲಿಸದಿದ್ದರೆ ವೈಫೈನಲ್ಲಿ ಕಂಪನಿಯ ಆ್ಯಪಿನ ಚಾಟ್ ಮೂಲಕ ಕೇಳಿ.

ತುರ್ತು ಕರೆ ಹೇಗೆ?

ಮೊಬೈಲಿನಿಂದ 112 ಡಯಲ್ ಮಾಡಿದರೆ ಬಹುತೇಕ ದೇಶಗಳಲ್ಲಿ ಅಲ್ಲಿನ ತುರ್ತು ಸೇವೆಗೆ ಸಿಗುತ್ತದೆ. ಯುರೋಪಿನ ಅಧಿಕೃತ ನಂಬರೂ ಅದೇ. ಅಮೆರಿಕ ಮತ್ತು ಕೆನಡಾದಲ್ಲಿ 911. ನಿಮ್ಮ ಕಂಪನಿಯೊಂದಿಗೆ ಒಪ್ಪಂದವಿಲ್ಲದ ಜಾಲದ ಟವರ್ ಕೂಡ ತುರ್ತು ಕರೆಯನ್ನು ಹೊತ್ತೊಯ್ಯುತ್ತದೆ. ಸಿಮ್ ಇಲ್ಲದ ಫೋನಿನಿಂದ ಈ ಕರೆ ಎಲ್ಲೆಡೆ ನಡೆಯುತ್ತದೆಂದು ನಂಬಬೇಡಿ: ಜರ್ಮನಿಯಲ್ಲಿ 2009ರಿಂದ ಅದಕ್ಕೆ ಸಿಮ್ ಇರಲೇಬೇಕು.

ಫೋನು ಕಳೆದುಹೋದರೆ?

ಮೊದಲ ಕರೆ ನಿಮ್ಮ ಕಂಪನಿಗೆ, ಸಿಮ್ ಬಂದ್ ಮಾಡಿಸಲು; ಎರಡನೆಯದು ಬ್ಯಾಂಕಿಗೆ. ಕದ್ದ ಸಿಮ್‌ನಿಂದ ದುಬಾರಿ ನಂಬರುಗಳಿಗೆ ಕರೆ ಮಾಡುವ ವಂಚನೆ ಹಳೆಯದು, ದೂರು ಕೊಡುವವರೆಗಿನ ಖರ್ಚು ನಿಮ್ಮ ತಲೆಗೇ ಬರಬಹುದು. ಸಿಮ್‌ಗೆ ಪಿನ್ ಹಾಕಿಟ್ಟಿದ್ದರೆ ಕಳ್ಳ ಅದನ್ನು ಬೇರೆ ಫೋನಿಗೆ ಹಾಕಿದರೂ ಬಳಸಲಾಗದು. ಮೂರು ಸಲ ಪಿನ್ ತಪ್ಪಿದರೆ ಸಿಮ್ ಲಾಕ್ ಆಗಿ, ಆ ಲಾಕ್ ತೆರೆಯುವ ಪಿಯುಕೆ ಕೋಡ್ ಕೇಳುತ್ತದೆ, ಅದನ್ನು ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. *#06# ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನೂ (ಇದು ಫೋನಿನದೇ ಗುರುತು) ಅದೇ ಚೀಟಿಯಲ್ಲಿ ಬರೆಯಿರಿ. ಪೊಲೀಸ್ ದೂರಿಗೆ ಬೇಕಾಗುತ್ತದೆ.

ಮರಳಿ ಬಂದು ತಿಂಗಳಾದ ಮೇಲೆ ಬಿಲ್ಲಿನಲ್ಲಿ ರೋಮಿಂಗ್ ಹಣ ಕಾಣಿಸಿಕೊಂಡಿದೆ. ಇದು ಸರಿಯೇ?

ಸರಿಯಿರಬಹುದು. ಪರದೇಶದ ಕಂಪನಿ ಬಳಕೆಯ ಲೆಕ್ಕವನ್ನು ಕಡತಗಳಾಗಿ ಕಳುಹಿಸುವುದರಿಂದ ಕೆಲವು ಕರೆಗಳು ತಡವಾಗಿ, ಮುಂದಿನ ಬಿಲ್ಲಿನಲ್ಲಿ ಸೇರುತ್ತವೆ. ಹಾಗೆಂದು ಕಣ್ಣು ಮುಚ್ಚಿ ಕಟ್ಟಬೇಕಿಲ್ಲ. ವಿವರವಾದ ಬಿಲ್ಲು ತರಿಸಿ, ಪ್ರತಿ ಸಾಲಿನ ದಿನಾಂಕವನ್ನೂ ಜಾಲದ ಹೆಸರನ್ನೂ ನಿಮ್ಮ ಪ್ರಯಾಣದ ಟಿಕೆಟ್ಟಿನೊಂದಿಗೆ ಹೊಂದಿಸಿ ನೋಡಿ. ವೇಳೆಯನ್ನು ಯಾವ ದೇಶದ ಗಡಿಯಾರದಲ್ಲಿ ಬರೆದಿದ್ದಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಪ್ಯಾಕ್ ಚಾಲೂ ಆದಾಗ ಬಂದ ಎಸ್‌ಎಂಎಸ್, ಹೊರಡುವ ಮುನ್ನ ಚಾಟ್‌ನಲ್ಲಿ ಕಂಪನಿ ಕೊಟ್ಟ ಉತ್ತರ, ಫೋನಿನ ರೋಮಿಂಗ್ ಡೇಟಾ ಬಳಕೆಯ ಪುಟದ ಸ್ಕ್ರೀನ್‌ಶಾಟ್ ಇಷ್ಟು ಇದ್ದರೆ ವಾದಕ್ಕೆ ಬಲ ಬರುತ್ತದೆ. ಫೋನಿನ ಆ ಎಣಿಕೆಯನ್ನು ವಿಮಾನ ಹತ್ತುವ ದಿನ ಸೊನ್ನೆಗೆ ತಂದಿರಬೇಕು. ದೂರನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಲಿಖಿತವಾಗಿ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ, ಕಂಪನಿಯೊಳಗೆ ಇತ್ಯರ್ಥವಾಗದಿದ್ದರೆ ದೂರಸಂಪರ್ಕ ನಿಯಂತ್ರಕರ ಬಳಿಗೋ ಗ್ರಾಹಕ ವೇದಿಕೆಗೋ ಹೋಗುವಾಗ ಮೊದಲು ಕೇಳುವುದು ಆ ಸಂಖ್ಯೆಯನ್ನೇ.